ಮುಚ್ಚಳದೊಳಗಿನ ಪತ್ರ

"ಗುರುಗಳೇ, ಅಣ್ಣನೊಡನೆ ಮಾತು ಬಿಟ್ಟು ವರ್ಷಗಳಾದವು. ತಪ್ಪು ಯಾರದೆಂದು ಇತ್ಯರ್ಥವಾಗದೆ ನಾನು ಹೇಗೆ ಅವನ ಮನೆ ಬಾಗಿಲು ತುಳಿಯಲಿ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವನೊಬ್ಬನಿದ್ದ. ಬಲು ನಿಪುಣ. ದೋಷದ ಮೂಲ ಸಿಗುವವರೆಗೆ ಊಟಕ್ಕೂ ಏಳುತ್ತಿರಲಿಲ್ಲ. ಅವನಿಗೊಬ್ಬ ಅಣ್ಣ, ಬಟ್ಟೆ ವ್ಯಾಪಾರಿ. ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಕಾರಣ ಏನಂತೀಯ? ತಾಯಿಯ ತಿಥಿಗೆ ಯಾರು ಯಾರನ್ನು ಕರೆಯಲಿಲ್ಲ ಎಂಬುದು. ಇಬ್ಬರೂ ತಾನು ಕರೆದೆನೆಂದೇ ಹೇಳುತ್ತಿದ್ದರು.

ಅಣ್ಣ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಹಾಸಿಗೆಯಲ್ಲಿ ಒರಗಿಕೊಂಡೇ ತಮ್ಮನಿಗೆ ಪತ್ರ ಟೈಪ್ ಮಾಡತೊಡಗಿದ. ಡಾಕ್ಟರು ಬಂದರೆಂದು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಆಮೇಲೆ ತೆರೆದರೆ ಪರದೆ ಕಪ್ಪು. ಫ್ಯಾನು ತಿರುಗುತ್ತದೆ, ದೀಪ ಮಿನುಗುತ್ತದೆ, ಯಂತ್ರ ಮಾತ್ರ ಏಳದು. ಅಣ್ಣನ ಗುಮಾಸ್ತ ಅದನ್ನು ತಮ್ಮನ ಅಂಗಡಿಗೆ ತಂದ.

"ನಿಮಗೇ ಬರೆದದ್ದಂತೆ ಸ್ವಾಮಿ. ಸೇವ್ ಮಾಡಿಲ್ಲವಂತೆ."

"ತಪ್ಪು ತನ್ನದೆಂದು ಬರೆದಿದ್ದಾನೆಯೇ?"

"ನನಗೇನು ಗೊತ್ತು? ಆಸ್ಪತ್ರೆ ಎರಡು ಬೀದಿ ಆಚೆ. ಬಂದು ಕೇಳಬಾರದೇ? ಅದಕ್ಕೆ ಸ್ಕ್ರೂಡ್ರೈವರ್ ಬೇಕಾಗಿಲ್ಲ."

"ಓದಿಕೊಂಡು ಬರುತ್ತೇನೆ, ನೀನು ಹೊರಡು."

ಯಂತ್ರ ಆರಿಸಿದರೆ ಪತ್ರ ಅಳಿಸಿಹೋಗುತ್ತದೆಂದು ಅವನಿಗೆ ಗೊತ್ತು. ಚಾರ್ಜರ್ ಸಿಕ್ಕಿಸಿ ಹಾಗೆಯೇ ಇಟ್ಟ. ಪರೀಕ್ಷೆಗೆಂದು ಅಂಥದೇ ಇನ್ನೊಂದು ಲ್ಯಾಪ್‌ಟಾಪ್ ತಂದ. ಅದಕ್ಕೂ ಅದೇ ರೋಗ. ಅದರ ಬ್ಯಾಟರಿ ಬದಲಿಸಿದ, ಮೆಮೊರಿ ಬದಲಿಸಿದ, ಪರದೆ ಬದಲಿಸಿದ. ಮುಚ್ಚಿ ತೆರೆದರೆ ಏಳಲಿಲ್ಲ. ಮೂರನೆಯ ದಿನ ವೈಫೈ ಕಾರ್ಡನ್ನು ಕಿತ್ತ. ಎದ್ದಿತು! ಮತ್ತೆ ಹಾಕಿದ. ಏಳಲಿಲ್ಲ. ಮಿಕ್ಕ ಭಾಗಗಳದ್ದೇನೂ ತಪ್ಪಿಲ್ಲ. ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮಾತ್ರ ಮುಚ್ಚಿದಾಗ ಸರಿಯಾಗಿ ಮಲಗಲೂ ಇಲ್ಲ, ತೆರೆದಾಗ ಏಳಲೂ ಇಲ್ಲ. ಉಳಿದವೆಲ್ಲ ಅದಕ್ಕಾಗಿ ಕಾದು ನಿಂತಿದ್ದವು.

ಮೂಲ ಸಿಕ್ಕಿತು. ಆದರೆ ಹೊಸ ಡ್ರೈವರ್ ಹಾಕಲು ಅಣ್ಣನ ಯಂತ್ರವನ್ನು ಆರಿಸಲೇಬೇಕು, ಬೇರೆ ದಾರಿಯಿಲ್ಲ. ಆರಿಸಿದ. ಪತ್ರ ಹೋಯಿತು. ಆಮೇಲೆ ಹತ್ತು ಸಲ ಮುಚ್ಚಿ ತೆರೆದ. ಹತ್ತು ಸಲವೂ ಎದ್ದಿತು.

ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋದ. ಅಣ್ಣನ ಹಾಸಿಗೆಗೆ ಒಗೆದ ಚಾದರ ಹಾಸಿತ್ತು. ಗುಮಾಸ್ತ ಹೊರಗೆ ಬೆಂಚಿನ ಮೇಲೆ ಕೂತಿದ್ದ. "ಬೆಳಿಗ್ಗೆ ಕಣ್ಣು ಮುಚ್ಚುವವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದರು" ಎಂದ.

ಶಿಷ್ಯ ತಡೆಯಲಾರದೆ ಕೇಳಿದ: "ಕೊನೆಗೂ ತಪ್ಪು ಯಾರದು, ಗುರುಗಳೇ?"

ಗುರುಗಳೆಂದರು: "ವೈಫೈ ಡ್ರೈವರಿನದು, ಅಷ್ಟಂತೂ ಇತ್ಯರ್ಥವಾಯಿತು."