ಉಗ್ರಪ್ಪನ ಒಣ ಪಂಚೆ

ಒಂದಾನೊಂದು ಊರಿನಲ್ಲಿ, ಆ ಊರು ಇನ್ನೂ ಸರಿಯಾಗಿ ಒಣಗಿಲ್ಲದ ಕಾಲದಲ್ಲಿ, ಉಗ್ರಪ್ಪ ಎಂಬುವನೊಬ್ಬನಿದ್ದ. ಹೆಸರು ಮಾತ್ರ ಉಗ್ರ. ಬೆಕ್ಕು ಸೀನಿದರೂ ತನ್ನಿಂದಲೇ ಏನೋ ತಪ್ಪಾಯಿತೆಂದು ಕೈಮುಗಿಯುತ್ತಿದ್ದ. ಅವನ ಬುದ್ಧಿಯ ವಿಚಾರ ನಾನು ಹೆಚ್ಚು ಹೇಳುವುದಿಲ್ಲ. ಅವನನ್ನು ಬಹಳ ಹತ್ತಿರದಿಂದ ಬಲ್ಲೆ, ನಾನೇ ಆಡಿಕೊಂಡರೆ ಚೆನ್ನಾಗಿರುವುದಿಲ್ಲ.

ಊರ ಹಿಂದೆ ಒಂದು ಗುಡ್ಡ. ಗುಡ್ಡದ ತುದಿಯಲ್ಲಿ ಒಂದು ಗುಡಿಸಲು. ಗುಡಿಸಲಿನಲ್ಲಿ ಸಣ್ಣೀರಜ್ಜಿ. ಸಣ್ಣೀರಜ್ಜಿಯ ಮೊಮ್ಮಗಳು ಪಾಲಮ್ಮ. ಪಾಲಮ್ಮನೆಂದರೆ ಉಗ್ರಪ್ಪನಿಗೆ ಪ್ರಾಣ. ಉಗ್ರಪ್ಪನೆಂದರೆ ಪಾಲಮ್ಮನಿಗೆ ನಗು.

ಆ ಊರಲ್ಲಿ ಹೆಣ್ಣು ಕೇಳುವುದಕ್ಕೊಂದು ಕಟ್ಟಳೆಯಿತ್ತು. ಜಾತಕ ಬೇಡ, ಹೊಲ ಬೇಡ, ಮೀಸೆಯೂ ಬೇಡ. ಗಂಡು ಜಡಿಮಳೆಯಲ್ಲಿ ಗುಡ್ಡ ಹತ್ತಬೇಕು. ತುದಿಯಲ್ಲಿ ಹೆಣ್ಣಿನ ಅಜ್ಜಿಯ ಮುಂದೆ ಒಣಬಟ್ಟೆ ಉಟ್ಟು ನಿಲ್ಲಬೇಕು. ಅಜ್ಜಿ ಬಟ್ಟೆಯ ತುದಿಯನ್ನು ತಾಮ್ರದ ಬಟ್ಟಲಿನ ಮೇಲೆ ಹಿಡಿದು ಹಿಂಡುತ್ತಾಳೆ. ಒಂದು ಹನಿ ಬಿದ್ದರೂ ಹೆಣ್ಣಿಲ್ಲ. ಗಂಡು ಹತ್ತುವ ಚಂದ ನೋಡಲು ಹೆಣ್ಣು ನೂರು ಹೆಜ್ಜೆ ಹಿಂದೆ ಬರುತ್ತಾಳೆ. ಒಬ್ಬನಿಗೆ ಮೂರೇ ಸಲ. ಮೂರನೆಯ ಸಲವೂ ಹನಿ ಬಿದ್ದರೆ ಅವನು ಈ ಜನ್ಮದಲ್ಲಿ ಆ ಹೆಣ್ಣಿನ ಹೆಸರೆತ್ತುವ ಹಾಗಿಲ್ಲ.

ಉಗ್ರಪ್ಪ ಆಗಲೇ ಎರಡು ಸಲ ಹತ್ತಿದ್ದ. ಮೊದಲನೆಯ ಸಲ ಒಣ ಪಂಚೆಯನ್ನು ಉಟ್ಟುಕೊಂಡೇ ಹೊರಟಿದ್ದ. ಎರಡನೆಯ ಸಲ ಬುದ್ಧಿ ಬಂದು, ಪಂಚೆಯನ್ನು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು ಹೋಗಿದ್ದ. ಪಂಚೆ ಕೊನೆಯವರೆಗೂ ಒಣಗಿಯೇ ಇತ್ತು, ಆದರೆ ಅಜ್ಜಿಯ ಕೈಗೆ ಸಿಕ್ಕಲಿಲ್ಲ. ಈಗ ಉಳಿದದ್ದು ಒಂದೇ ಸಲ.

ಮೂರನೆಯ ಸಲಕ್ಕೆ ಉಗ್ರಪ್ಪ ಮೂರು ದಿನ ಕೂತು ಯೋಚಿಸಿದ. ಪಂಚೆಯನ್ನು ಮಡಿಸಿ ಬಟ್ಟೆಚೀಲಕ್ಕೆ ಹಾಕಿದ. ಬಟ್ಟೆಚೀಲ ಬಾಯಿಬಿಟ್ಟಿತು. ಪಂಚೆ ನೆನೆಯಬಾರದು ಸರಿ, ನಾನು ನೆನೆಯಬಹುದೋ ಎಂದು ಕೇಳಿತು. ನ್ಯಾಯವಾದ ಮಾತು. ಉಗ್ರಪ್ಪ ಅದನ್ನು ಗೋಣಿಚೀಲಕ್ಕೆ ಹಾಕಿದ. ಗೋಣಿಚೀಲ, ನೆನೆದರೆ ನನಗೆ ನಾತ ಬರುತ್ತದೆ ಎಂದಿತು. ಅದೂ ನ್ಯಾಯವೇ. ಗೋಣಿಯನ್ನು ಕಂಬಳಿಯಲ್ಲಿ ಸುತ್ತಿದ. ಕಂಬಳಿ, ಒಂದು ಸಲ ನೆನೆದರೆ ಒಣಗೋಕೆ ನನಗೆ ಎಂಟು ದಿನ ಬೇಕು, ಅಲ್ಲೀವರೆಗೆ ನೀನೇನು ಹೊದೀತೀಯ ಎಂದಿತು. ಸರಿ, ಎಲ್ಲಕ್ಕೂ ಮೇಲೆ ಕೊಡೆ ಬಿಚ್ಚಿದ.

ಕೊಡೆ ಹೊಸದು. ಅವನ ಸೋದರಮಾವ ಕೊಟ್ಟದ್ದು, ಹಾಳು ಮಾಡಬೇಡ ಎಂದು ಹೇಳಿ ಕೊಟ್ಟದ್ದು. ಇದುವರೆಗೆ ಒಂದು ಹನಿ ಮಳೆಯನ್ನೂ ನೋಡಿಲ್ಲ, ನನ್ನ ಹೊಳಪು ಹೋದರೆ ನಿಮ್ಮ ಮಾವನಿಗೆ ಏನು ಹೇಳ್ತೀಯ ಎಂದು ಅದು ಅಳು ದನಿಯಲ್ಲಿ ಕೇಳಿತು. ಉಗ್ರಪ್ಪ ಕೊಡೆಯನ್ನು ಮಡಚಿ ಕಂಬಳಿಯೊಳಗೆ ಸೇರಿಸಿದ. ಕಾಲಿನ ಮೆಟ್ಟು, ನನ್ನದು ಚರ್ಮ ಎಂದಿತು. ಅದೂ ಒಳಗೆ. ರುಮಾಲು, ಅಂಗಿ, ಉಟ್ಟಿದ್ದ ಹಳೆಯ ಪಂಚೆ, ಎಲ್ಲವೂ ಒಳಗೆ. ಗಂಟು ಕಟ್ಟಿದ ಹಗ್ಗ, ನೆನೆದರೆ ನಾನು ಬಿಗಿಯುತ್ತೇನೆ, ಆಮೇಲೆ ಬಿಚ್ಚಲು ಬರುವುದಿಲ್ಲ ಎಂದಿತು. ಹಗ್ಗವನ್ನೂ ಬಿಚ್ಚಿ ಒಳಗೆ ಹಾಕಿದ. ಕೊನೆಗೆ ಲಂಗೋಟಿಯೂ ಮೆಲ್ಲಗೆ ಕೆಮ್ಮಿತು. ಉಗ್ರಪ್ಪ ಅದಕ್ಕೆ ಕೈಮುಗಿದು, ನೀನೊಬ್ಬ ಸಹಿಸಿಕೋ ಎಂದು ಬೇಡಿಕೊಂಡ.

ಹೀಗೆ ಉಗ್ರಪ್ಪ ಲಂಗೋಟಿಯಲ್ಲಿ, ಬಸುರಿ ಎಮ್ಮೆಯಷ್ಟು ದೊಡ್ಡ ಗಂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಜಡಿಮಳೆಯಲ್ಲಿ ಗುಡ್ಡ ಹತ್ತತೊಡಗಿದ. ನೂರು ಹೆಜ್ಜೆ ಹಿಂದೆ ಪಾಲಮ್ಮ ಬರುತ್ತಿದ್ದಳು. ಅವಳ ತಲೆಯ ಮೇಲೊಂದು ಮಡಕೆ ಬೋರಲಾಗಿ ಕೂತಿತ್ತು. ಮಡಕೆ ಏನೂ ಮಾತಾಡುತ್ತಿರಲಿಲ್ಲ.

ಹತ್ತು ಹೆಜ್ಜೆ ಹೋಗಿರಬೇಕು, ಹೊರಗಿದ್ದ ಕಂಬಳಿ ಜಗಳ ತೆಗೆಯಿತು. ಎಲ್ಲರೂ ಒಳಗೆ ಬೆಚ್ಚಗಿದ್ದಾರೆ, ನಾನೊಬ್ಬಳೇ ಏಕೆ ಹೊರಗಿರಲಿ ಎಂದಿತು. ಉಗ್ರಪ್ಪನಿಗೆ ಅದು ಸರಿ ಎನಿಸಿತು. ಗಂಟು ಬಿಚ್ಚಿ ಕಂಬಳಿಯನ್ನು ಒಳಗೆ ಮಾಡಿ ಗೋಣಿಯನ್ನು ಹೊರಗೆ ಮಾಡಿದ. ಇನ್ನೂ ಹತ್ತು ಹೆಜ್ಜೆಗೆ ಗೋಣಿ ಅತ್ತಿತು. ಗೋಣಿ ಒಳಗೆ, ಅಂಗಿ ಹೊರಗೆ. ಅಂಗಿ ಅತ್ತಿತು. ಅಂಗಿ ಒಳಗೆ, ರುಮಾಲು ಹೊರಗೆ. ಪಾಳಿಯ ಪ್ರಕಾರ ಒಬ್ಬೊಬ್ಬರಿಗೆ ಹತ್ತೇ ಹೆಜ್ಜೆ, ಯಾರಿಗೂ ಅನ್ಯಾಯವಿಲ್ಲ. ಅರ್ಧ ಗುಡ್ಡ ಹತ್ತುವುದರೊಳಗೆ ಎಲ್ಲವೂ ಸಮಸಮವಾಗಿ ತೊಯ್ದು ತೊಪ್ಪೆಯಾಗಿದ್ದವು. ಇಷ್ಟು ನಿಷ್ಪಕ್ಷಪಾತವಾಗಿ ಮನೆ ಹಾಳು ಮಾಡಿಕೊಂಡ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಆದರೂ ನಟ್ಟನಡುವೆ ಮಡಿಸಿಟ್ಟ ಪಂಚೆ ಮಾತ್ರ ಒಣಗಿಯೇ ಇತ್ತು. ಅದಕ್ಕಿನ್ನೂ ಪಾಳಿ ಬಂದಿರಲಿಲ್ಲ. ಗುಡಿಸಲು ಕಾಣಿಸುತ್ತಿತ್ತು. ಉಗ್ರಪ್ಪ ಹೆಜ್ಜೆ ಚುರುಕು ಮಾಡಿದ. ಆಗ ಮೇಲಿಂದ ಮಳೆರಾಯ ಅವನನ್ನು ಕೂಗಿದ.

"ಉಗ್ರಪ್ಪಾ, ಒಣಗಿದ್ದು ಅಂದ್ರೆ ಹೆಂಗಿರುತ್ತಪ್ಪಾ?"

ಉಗ್ರಪ್ಪ ನಿಂತ. ಮಳೆರಾಯ ತನ್ನ ಕಷ್ಟ ಹೇಳಿಕೊಂಡ. ಲೋಕದಲ್ಲಿ ಎಲ್ಲರೂ ಒಣಗಿದ್ದು ಒಣಗಿದ್ದು ಎನ್ನುತ್ತಾರೆ, ಆದರೆ ತಾನು ಬರುತ್ತಲೇ ಎಲ್ಲರೂ ಅದನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ. ಹುಟ್ಟಿದಾರಭ್ಯ ಒಂದು ಒಣಚಿಂದಿಯನ್ನೂ ಕಂಡವನಲ್ಲ. ಒಂದೇ ಒಂದು ಸಲ ತೋರಿಸು, ನೀನು ಗುಡಿಸಲು ಸೇರುವವರೆಗೆ ಉಸಿರು ಹಿಡಿದು ನಿಂತಿರುತ್ತೇನೆ ಎಂದ.

ತೋರಿಸಿದರೆ ಏನಾಗುತ್ತದೆಂದು ಉಗ್ರಪ್ಪನಿಗೆ ಗೊತ್ತಿತ್ತು. ಅಷ್ಟು ದಡ್ಡನಲ್ಲ ಅವನು. ಇದೇ ಕೊನೆಯ ಸಲವೆಂದೂ ಗೊತ್ತಿತ್ತು. ಆದರೆ ಇಷ್ಟು ವಯಸ್ಸಾದವನು ಹೀಗೆ ಕೇಳಿದರೆ ಇಲ್ಲವೆನ್ನುವುದು ಹೇಗೆ? ಪಾಪ ಎನಿಸಿತು. ಬಂಡೆಯ ಮೇಲೆ ಗಂಟು ಬಿಚ್ಚಿ ಪಂಚೆಯನ್ನು ಎತ್ತಿ ಹಿಡಿದ.

ಮಳೆರಾಯ ಕೊಟ್ಟ ಮಾತಿನಂತೆ ನಿಂತ. ಆದರೆ ಮಳೆರಾಯನಿಗೆ ಕಣ್ಣಿಲ್ಲ, ಅವನು ಮುಟ್ಟಿಯೇ ನೋಡಬೇಕು. ಒಂದು ಬೆರಳು ಇಳಿಸಿ ಮುಟ್ಟಿದ. ಇಲ್ಲಿ ಒದ್ದೆ. ಪಕ್ಕದಲ್ಲಿ ಮುಟ್ಟಿದ. ಅಲ್ಲೂ ಒದ್ದೆ. ಪಂಚೆಯನ್ನು ಅಂಚಿನಿಂದ ಅಂಚಿಗೆ ಸವರಿದ. ನೀನೂ ನನಗೆ ಮೋಸ ಮಾಡಿದೆಯಲ್ಲ, ಇದೂ ಒದ್ದೆಯೇ ಎಂದು ಮಳೆರಾಯ ಅತ್ತ. ಮಳೆರಾಯ ಅತ್ತರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗುಡಿಸಲಿನಲ್ಲಿ ಸಣ್ಣೀರಜ್ಜಿ ಪಂಚೆಯ ತುದಿ ಹಿಂಡಿದಳು. ಬಟ್ಟಲು ತುಂಬಿತು. ಬಿಂದಿಗೆ ತಂದಿಟ್ಟಳು, ಬಿಂದಿಗೆ ತುಂಬಿತು. ಇನ್ನು ಎರಡು ದಿನ ಬುಗ್ಗೆಗೆ ಹೋಗುವ ಕೆಲಸ ತಪ್ಪಿತು ಎಂದು ಉಪಕಾರ ನೆನೆದಳು. ಆಮೇಲೆ ತಲೆ ಅಲ್ಲಾಡಿಸಿದಳು. ಉಗ್ರಪ್ಪನಿಗೆ ದುಃಖ ಒತ್ತರಿಸಿ ಬಂತು. ಪಾಲಮ್ಮನ ಹೆಸರನ್ನು ಕೊನೆಯ ಸಲ ಬಾಯಿತುಂಬ ಹೇಳೋಣವೆಂದು ಬಾಗಿಲ ಕಡೆ ತಿರುಗಿದ.

ಆಗ ಪಾಲಮ್ಮ ಒಳಗೆ ಬಂದಳು. ಮೈಯೆಲ್ಲ ನೀರು ಸುರಿಯುತ್ತಿತ್ತು. ತಲೆಯ ಮೇಲಿನ ಮಡಕೆ ಎತ್ತಿದಳು. ಅದರಡಿಯಲ್ಲಿ ಸಿಂಬೆಯ ಹಾಗೆ ಸುತ್ತಿಟ್ಟ ಒಂದು ಕೆಂಪು ಸೀರೆಯಿತ್ತು. ಅವಳು ಅದನ್ನು ಉಗ್ರಪ್ಪನ ಕೈಗೆ ಹಾಕಿ ಉಟ್ಟುಕೊಳ್ಳಲು ಹೇಳಿದಳು. ಉಗ್ರಪ್ಪ ಮೂಲೆಗೆ ಹೋಗಿ ಉಟ್ಟ. ನೆರಿಗೆ ಹಿಂದಕ್ಕೆ ಹೋಗಿತ್ತು, ಇರಲಿ. ಅಜ್ಜಿ ಸೆರಗು ಹಿಡಿದು ಹಿಂಡಿದಳು. ಇನ್ನೊಮ್ಮೆ ಹಿಂಡಿದಳು. ಒಂದು ಹನಿಯೂ ಬೀಳಲಿಲ್ಲ.

ಒಣಬಟ್ಟೆ ಉಡಬೇಕು ಎಂದಿತ್ತೇ ಹೊರತು ಯಾರ ಬಟ್ಟೆ ಎಂದು ಕಟ್ಟಳೆಯಲ್ಲಿರಲಿಲ್ಲ. ಒದ್ದೆ ಪಂಚೆಯನ್ನು ಅವನು ಉಟ್ಟಿರಲೇ ಇಲ್ಲ, ಕೈಯಲ್ಲಿ ಹಿಡಿದಿದ್ದ, ಹಾಗಾಗಿ ಅದರ ಹನಿ ಲೆಕ್ಕಕ್ಕಿಲ್ಲ. ಎಲ್ಲವೂ ನಾವು ನೆನೆಯೋದಿಲ್ಲ ಅಂತ ಅಳುವಾಗ ನೀನೊಬ್ಬನೇ ಏಕೆ ಸುಮ್ಮನಿದ್ದೆ ಎಂದು ಉಗ್ರಪ್ಪ ಮಡಕೆಯನ್ನು ಕೇಳಿದ. ಯಾರಾದರೂ ಒಬ್ಬರು ನೆನೆಯಬೇಕಲ್ಲಪ್ಪ ಎಂದಿತು ಮಡಕೆ.

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಈ ಮಡಕೆ ಹಿಂದಿನ ಸಲ ಎಲ್ಲಿತ್ತೇ?"

"ಮೂರು ಸಲವೂ ತಂದಿದ್ದೆ ಅಜ್ಜಿ. ಎರಡು ಸಲ ಎತ್ತಲಿಲ್ಲ."

"ಈ ಸಲ ಏನಾಯ್ತು?"

ಪಾಲಮ್ಮ ಸೀರೆಯುಟ್ಟು ನಿಂತಿದ್ದ ಉಗ್ರಪ್ಪನನ್ನು ನೋಡಿದಳು. ಈ ಸಲ ನಗಲಿಲ್ಲ. "ಮಳೆ ಕಷ್ಟ ಹೇಳ್ಕೊಂಡಿದ್ದಕ್ಕೇ ಇದ್ದ ಒಂದು ಒಣ ಪಂಚೆ ಬಿಚ್ಚಿ ಕೊಟ್ಟ. ನನ್ನ ಕಷ್ಟಕ್ಕೆ ಏನು ಕೊಡ್ತಾನೋ ನೋಡೋಣ ಅಂತ."

ಅಜ್ಜಿ ಬಟ್ಟಲು ಬೋರಲು ಹಾಕಿದಳು. ನಿಮ್ಮ ತಾತ ಉಟ್ಟು ನಿಂತದ್ದು ನನ್ನ ಹಸಿರು ಸೀರೆ, ಅವರಿಗೆ ಅದು ಗಿಡ್ಡವಾಗಿತ್ತು ಎಂದಳು. ಮದುವೆ ಆಯಿತು.

ಇದರ ನೀತಿ ಏನೆಂದರೆ, ಮಳೆಗಾಲದಲ್ಲಿ ಗುಡ್ಡ ಹತ್ತುವವನು ಪಂಚೆಯನ್ನು ಎಷ್ಟು ಪದರ ಸುತ್ತಿದರೂ ಅಷ್ಟೇ. ಹಿಂದೆ ಮಡಕೆ ಹೊತ್ತು ಬರುವವಳೊಬ್ಬಳಿರಬೇಕು. ಇಲ್ಲದವನು ಬೇಸಿಗೆಯಲ್ಲಿ ಹತ್ತಲಿ.

ಕತೆ ಗುಡ್ಡದ ಮೇಲೆ, ನಾವು ಒಲೆಯ ಮುಂದೆ. ಏಕೆ ಹಾಗೆ ನನ್ನನ್ನೇ ನೋಡುತ್ತೀರಿ? ಇವತ್ತು ಮತ್ತೆ ನೆನೆದು ಬಂದೆ, ಪಂಚೆ ಅಗೋ ಹಗ್ಗದ ಮೇಲೆ ಹನಿಯುತ್ತಿದೆ. ಬೆಂಕಿಯನ್ನು ಅಷ್ಟು ಕೆದಕಬೇಡಿ. ಕಿಡಿ ಹಾರಿ ನಾನುಟ್ಟ ಸೀರೆ ಸುಟ್ಟರೆ ಪಾಲಮ್ಮ ಬೈಯುತ್ತಾಳೆ.