ಮಗನ ಹೆಸರಿನ ಸ್ನಾನ

ಪಾಳೆಯಗಾರರ ಕಾಲ. ಕೋಟೆಯಲ್ಲಿ ಸಿಪಾಯಿಯಾಗಿದ್ದ ಓಬಯ್ಯ ಕಾವಲಿನ ಹೊತ್ತಿನಲ್ಲಿ ಹೆಂಡ ಕುಡಿದು ಬಾಗಿಲ ಬಳಿಯೇ ಬಿದ್ದುಕೊಂಡಿದ್ದ. ಅದೂ ಅವನ ಅಪ್ಪ ಬೊಮ್ಮಣ್ಣ ಮುಪ್ಪು ಬರುವ ತನಕ ಕಾದ ಬಾಗಿಲು.

ಸುದ್ದಿ ಕೇಳಿದ ಬೊಮ್ಮಣ್ಣ ಸೀದಾ ಹೊಳೆಗೆ ಹೋದ. ಊರೆಲ್ಲ ನೋಡುತ್ತಿರುವಾಗ ಮಗನ ಹೆಸರು ಹೇಳಿ ಮುಳುಗೆದ್ದ. ಸತ್ತವರಿಗೆ ಮಾಡುವ ಸ್ನಾನ ಅದು.

"ಇವತ್ತಿಗೆ ನನ್ನ ಮಗ ಸತ್ತ" ಎಂದ.

ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ತಡೆಯುವವರಿರಲಿಲ್ಲ. ಒದ್ದೆ ಪಂಚೆಯಲ್ಲೇ ದಡದ ಮೇಲಿನ ಆಶ್ರಮಕ್ಕೆ ಬಂದು ನಂಜಯ್ಯ ಗುರುಗಳ ಶಿಷ್ಯನಾದ.

ಆಶ್ರಮಕ್ಕೆ ನೀರು ತರುವುದು ಅವನ ಕೆಲಸ. ಆಚೆ ದಡದಲ್ಲಿ ಕೋಟೆ. ಅಲ್ಲಿಂದ ಹರಿಗೋಲು ಬಂದಾಗಲೆಲ್ಲ ಅವನ ಕೊಡ ಬರಿದಾಗಿರುತ್ತಿತ್ತು. ಬರಿದಾಗಿರದಿದ್ದರೆ ಇವನೇ ಗಿಡದ ಬುಡಕ್ಕೆ ಸುರಿಯುತ್ತಿದ್ದ. ಆಮೇಲೆ ದಡಕ್ಕಿಳಿದು ಅಂಬಿಗರ ದುರ್ಗಪ್ಪನನ್ನು ಮಾತಿಗೆಳೆಯುತ್ತಿದ್ದ. ಕೋಟೆಯಲ್ಲಿ ಏನು ಸಮಾಚಾರ? ದಂಡು ಹೊರಡುವುದು ನಿಜವೇ? ಮಗನ ಹೆಸರೊಂದು ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಮುದುಕನ ಹಠ ಅಂಥದ್ದು.

ಗುರುಗಳು ಇದನ್ನೆಲ್ಲ ನೋಡುತ್ತಲೇ ಇದ್ದರು. ಒಂದು ದಿನ ಕೇಳಿದರು.

"ಈ ಗಿಡಕ್ಕೆ ಎಷ್ಟು ನೀರು ಹಾಕ್ತೀಯ ಬೊಮ್ಮಣ್ಣ? ಬೇರು ಕೊಳೀತಾ ಐತೆ."

ಬೊಮ್ಮಣ್ಣ ತಲೆ ತಗ್ಗಿಸಿದ. "ಬುದ್ಧೀ, ಅವ್ನು ಕುಡಿದ್ರೆ ಮೈಮೇಲೆ ಎಚ್ಚರ ಇರಲ್ಲ. ಹಂಗೇ ಕಾಳಗಕ್ಕೆ ಹೋದ್ರೆ ಏನು ಗತಿ?"

"ಸತ್ತವನಿಗೆ ಗಾಯ ಆಗ್ತದಾ?"

ಬೊಮ್ಮಣ್ಣ ಬರಿದಾದ ಕೊಡ ಎತ್ತಿಕೊಂಡ.

"ಹರಿಗೋಲು ಹತ್ತು. ಹೋಗಿ ನೋಡ್ಕೊಂಡು ಬಾ" ಎಂದರು ಗುರುಗಳು.

"ಹೆಂಗೆ ಹೋಗ್ಲಿ ಬುದ್ಧೀ? ಊರ ಮುಂದೆ ಸ್ನಾನ ಮಾಡೀನಿ. ಜನ ಮುಖಕ್ಕೆ ಉಗೀತಾರೆ."

"ಮೈ ಆವತ್ತೇ ಒಣಗ್ತಲ್ಲ."

"ಮಾತು ಒಣಗಿಲ್ಲ ಬುದ್ಧೀ."

ಗುರುಗಳು ಮತ್ತೆ ಆ ಮಾತೆತ್ತಲಿಲ್ಲ.

ಒಂದು ಬೆಳಿಗ್ಗೆ ಓಬಯ್ಯನೇ ಬಂದ. ಸೊಂಟದಲ್ಲಿ ಕತ್ತಿ, ಕಣ್ಣು ಕೆಂಪಗೆ. ಅಂಗಳದಲ್ಲೇ ನಿಂತ.

"ಅಪ್ಪಾ, ದಂಡು ಹೊರಟೈತೆ. ಹಣೆಗೆ ಭಂಡಾರ ಹಚ್ಚು."

ಕಾಳಗಕ್ಕೆ ಹೊರಟ ಮಗನ ಹಣೆಗೆ ಅಪ್ಪ ಅರಿಶಿನದ ಭಂಡಾರ ಹಚ್ಚುವುದು ಅವರ ಮನೆತನದ ಪದ್ಧತಿ. ಬೊಮ್ಮಣ್ಣನ ಅಪ್ಪ ಹಚ್ಚಿದ್ದ, ಅವನಪ್ಪನೂ ಹಚ್ಚಿದ್ದ.

ಬೊಮ್ಮಣ್ಣ ಗುರುಗಳ ಕಡೆ ತಿರುಗಿದ. "ಬುದ್ಧೀ, ಇಲ್ಲಿ ಯಾರಿಗೂ ಮಕ್ಕಳಿಲ್ಲ ಅಂತ ಹೇಳಿ ಇವನಿಗೆ."

ಗುರುಗಳು ಹೇಳಲಿಲ್ಲ. ಒಳಗಿಂದ ಭಂಡಾರದ ಬಟ್ಟಲು ತಂದು ಬೊಮ್ಮಣ್ಣನ ಮುಂದಿಟ್ಟು ತಾವು ಒಳಗೆ ಹೋದರು.

ಓಬಯ್ಯ ಕಾದ. ಕಾಲು ಬದಲಿಸಿ ನಿಂತು ಕಾದ. ಹೊಳೆಯಿಂದ ದುರ್ಗಪ್ಪ ಕೂಗಿದ. ಓಬಯ್ಯ ದೂರದಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿ ಹೊರಟುಹೋದ.

ಅವನು ಮರೆಯಾದ ಮೇಲೆ ಮುದುಕ ಬಟ್ಟಲಿಂದ ಒಂದು ಚಿಟಿಕೆ ತೆಗೆದುಕೊಂಡು ದಡಕ್ಕೆ ಓಡಿದ. ಹರಿಗೋಲು ನಡುಹೊಳೆಯಲ್ಲಿತ್ತು. ಒಂದು ಕೂಗು ಹಾಕಿದ್ದರೆ ದುರ್ಗಪ್ಪ ತಿರುಗಿಸುತ್ತಿದ್ದ. ದಡದಲ್ಲಿ ಬಟ್ಟೆ ಒಗೆಯಲು ಬಂದಿದ್ದ ಊರಿನವರು ಇವನನ್ನೇ ನೋಡುತ್ತಿದ್ದರು.

ಬೊಮ್ಮಣ್ಣ ಕೂಗಲಿಲ್ಲ. ಬಗ್ಗಿ ಕೈ ತೊಳೆದುಕೊಂಡು ಬಂದ.

ಆ ತಿಂಗಳು ಕಳೆಯುವುದರೊಳಗೆ ದುರ್ಗಪ್ಪ ಓಬಯ್ಯನ ತಲೆಯ ರುಮಾಲು ತಂದು ಬೊಮ್ಮಣ್ಣನ ಕೈಗಿತ್ತ. ಬೊಮ್ಮಣ್ಣ ಅದನ್ನು ಬಿಚ್ಚಿ ನೋಡಿ ಮತ್ತೆ ಮಡಿಸಿದ.

"ನಿಂತಲ್ಲೇ ಬಿದ್ನಾ, ಓಡೋವಾಗ ಬಿದ್ನಾ?"

"ಅಲ್ಲಿ ಬಿದ್ದವರನ್ನ ಯಾರು ಹಂಗೆ ವಿಂಗಡಿಸ್ತಾರೆ ಬೊಮ್ಮಣ್ಣ?" ಎಂದ ದುರ್ಗಪ್ಪ.

ಬೊಮ್ಮಣ್ಣ ಎದ್ದು ಹೊಳೆಗಿಳಿದ. ಮೊಣಕಾಲಿನ ನೀರು ದಾಟುವಾಗ ಯಾರೋ ತೋಳು ಹಿಡಿದರು. ಗುರುಗಳು.

"ಬಿಡಿ ಬುದ್ಧೀ" ಎಂದು ಮುದುಕ ಬಿಕ್ಕಿದ. "ಸ್ನಾನ ಮಾಡ್ಬೇಕು. ನನ್ನ ಮಗ ಸತ್ತ."

ಗುರುಗಳು ತೋಳು ಬಿಡಲಿಲ್ಲ.

"ಆ ಸ್ನಾನ ಅವನು ಬದುಕಿದ್ದಾಗ್ಲೇ ಮುಗಿಸಿದ್ದೀಯ ಬೊಮ್ಮಣ್ಣ. ಮೇಲೆ ಬಾ."