ಕಣ್ಣಿಗೆ ರುಚಿ ಹತ್ತದ ಹೊಂಬಾಳಮ್ಮ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮಜ್ಜಿಗೆ ಈ ಹಾಳು ಮೊಣಕಾಲು ನೋವು ಶುರುವಾಗೋಕೂ ಮುಂಚೆ, ಒಬ್ಬ ರಾಣಿ ಇದ್ಲಂತೆ. ಕಾಲು ಒದರಬೇಡ, ಸರಿಯಾಗಿ ಹೊದ್ಕೋ. ಆ ರಾಣಿ ಅರಮನೇಲಿ ಒಂದು ಉದ್ದನೆ ಪಡಸಾಲೆ ಇತ್ತಂತೆ, ಅಲ್ಲಿ ದಿನಕ್ಕೊಂದು ಹೊಸ ಚಂದದ ಸಾಮಾನು ಇಡಬೇಕು ಅಂತ ಅವಳ ಕಟ್ಟಳೆ. ಹಳೇದು ಬೇಡ, ಸತ್ತೋರು ಮಾಡಿಟ್ಟಿದ್ದು ಬೇಡ, ಈಗ ನಮ್ಮ ಜೊತೆ ಉಸಿರಾಡ್ತಾ ಇರೋರು ಕೈಯಾರೆ ಮಾಡಿದ್ದೇ ಬೇಕು ಅನ್ನೋಳಂತೆ. ಇವತ್ತು ಇಟ್ಟಿದ್ದು ನಾಳೆ ಉಗ್ರಾಣಕ್ಕೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು.

ಇದನ್ನೆಲ್ಲ ಊರೂರು ತಿರುಗಿ ಹುಡುಕಿ ಗಾಡಿಗೆ ಹೇರಿಸಿ ಕಳಿಸೋಳು ಹೊಂಬಾಳಮ್ಮ ಅಂತ ಒಬ್ಬ ಹೆಂಗಸು. ಮೊದಮೊದಲು ಒಂದು ಚೆಂದದ ಬುಟ್ಟಿ ಕಂಡ್ರೆ ಊಟ ಮರೆತು ಕೂತುಬಿಡೋಳಂತೆ. ಹನ್ನೆರಡು ವರ್ಷ ನೋಡಿದ್ಲು ನೋಡಿದ್ಲು, ಆಮೇಲೆ ಏನಾಯ್ತು ಗೊತ್ತಾ, ಜ್ವರ ಬಂದಾಗ ನಿನ್ನ ನಾಲಿಗೆಗೆ ಪಾಯಸವೂ ಸಪ್ಪೆ ಆಗ್ತದಲ್ಲ, ಹಂಗೆ ಅವಳ ಕಣ್ಣಿಗೆ ರುಚಿ ಹತ್ತದೇ ಹೋಯ್ತಂತೆ. ಯಾರು ಏನು ತೋರಿಸಿದ್ರೂ ಚೆನ್ನಾಗಿದೆ ಅನ್ನೋಳು, ಎಷ್ಟೋ ಸಲ ನೋಡೋಕೆ ಮುಂಚೇನೇ ಅನ್ನೋಳು. ನಿದ್ದೆಯಂತೂ ಹತ್ತಿರ ಸುಳೀತಿರಲಿಲ್ಲ, ರೆಪ್ಪೆ ಮುಚ್ಚಿದ್ರೆ ಬುಟ್ಟಿ ಗೊಂಬೆ ಬಣ್ಣ ಎಲ್ಲ ಗಿರಗಿರ ತಿರುಗೋವಂತೆ.

ಕೊನೆಗೆ ಒಂದಿನ ರಾಣಿ ಹತ್ರ ಹೋಗಿ, ತಾಯೀ, ನನ್ನ ಕೈಲಿ ಆಗಲ್ಲ, ಈ ಜೋಳಿಗೆ ಬೇರೆಯವರಿಗೆ ಕೊಡಿ ಅಂದ್ಲಂತೆ. ರಾಣಿ ಏನಂದ್ಲು, ನನಗೂ ಸಾಕಾಗಿದೆ ಕಣೇ, ಪಡಸಾಲೇಲಿ ಏನಿಟ್ರೂ ಆಕಳಿಕೆ ಬರ್ತದೆ, ಇನ್ನು ಮೂರೇ ಮೂರು ಊರು ನೋಡ್ಕೊಂಡು ಬಾ, ನಿನ್ನ ಮನಸ್ಸು ಹಿಡಿದು ನಿಲ್ಸಿದ್ದು ಒಂದಾದ್ರೂ ಸಿಕ್ರೆ ಸರಿ, ಇಲ್ಲ ಅಂದ್ರೆ ಬಾಗಿಲಿಗೆ ಬೀಗ ಹಾಕ್ಬಿಡ್ತೀನಿ ಅಂದ್ಲಂತೆ. ಹೊಂಬಾಳಮ್ಮನಿಗೆ ಬೀಗಕ್ಕಿಂತ ಬೇರೇದೇ ಭಯ. ಕಣ್ಣಿದ್ದೂ ಕುರುಡಿ ಆಗ್ಬಿಟ್ಟೆನೇನೋ, ಇನ್ನು ಸಾಯೋ ತನಕ ಹಿಂಗೇನಾ ಅಂತ ಎದೆ ಭಾರ ಮಾಡ್ಕೊಂಡು ಹೊರಟ್ಲಂತೆ.

ಮೊದಲನೇ ಊರಲ್ಲಿ ಕುಂಬಾರರ ದ್ಯಾವಯ್ಯ ಒಂದು ಮಣ್ಣಿನ ಬಟ್ಟಲಲ್ಲಿ ನೀರು ತಂದುಕೊಟ್ಟು, ಕುಡಿದು ನೋಡಿ ತಾಯಿ ಅಂದನಂತೆ. ಇವಳು ಎರಡು ಗುಟುಕು ಕುಡಿದು ಚೆನ್ನಾಗಿದೆ ಅಂತ ಕೆಳಗಿಟ್ಲು. ದ್ಯಾವಯ್ಯ ಬಟ್ಟಲು ಎತ್ಕೊಂಡು ಒಳಗೆ ಹೋದನಂತೆ.

ಆಮೇಲೆ ಎರಡನೇ ಊರು. ಅಲ್ಲಿ ಬಾಗಿಲ ಮೇಲೆ ಮನೆಯವರ ಹೆಸರು ಬರೆಯೋ ಕಾಳಾಚಾರಿ ಇದ್ದ. ಏಣಿ ಮೇಲಿಂದಾನೇ, ಅಮ್ಮಾ, ಗಾಣದ ಮಾದಪ್ಪನವರ ಹೆಸರು ಬರ್ದಿದ್ದೀನಿ, ಹೆಂಗಿದೆ ಹೇಳಿ ಅಂದನಂತೆ. ಇವಳು ಮಾದಪ್ಪ ಅಂತ ಓದಿ, ಚೆನ್ನಾಗಿದೆ ಅಂದು ಮುಂದೆ ನಡೆದ್ಲು. ಅವನು ಕುಂಚ ಹಿಡ್ಕೊಂಡು ಹಂಗೇ ನಿಂತಿದ್ದನಂತೆ ಪಾಪ.

ಮೂರನೇ ಊರಿಗೆ ಬರೋ ಹೊತ್ತಿಗೆ ಸುಡು ಮಧ್ಯಾಹ್ನ. ಹೊಂಗೆ ಮರದ ನೆರಳಲ್ಲಿ ಬೆಳ್ಳಕ್ಕ ಅನ್ನೋ ಮುದುಕಿ ಹಳೇ ಬಟ್ಟೆ ತೇಪೆ ಸೇರಿಸಿ ಹೊದಿಯೋ ಕೌದಿ ಹೊಲೀತಾ ಕೂತಿದ್ಲಂತೆ. ಇವಳು ದೂರದಿಂದ್ಲೇ ಚೆನ್ನಾಗಿದೆ ಅಂದ್ಲು. ಬೆಳ್ಳಕ್ಕ ಸೂಜಿ ನಿಲ್ಲಿಸದೇನೇ, ನಿನ್ನ ಕಾಲು ನೋಡ್ಕೊಂಡು ಹೇಳಿದ್ಯಲ್ಲವ್ವಾ, ಚೆನ್ನಾಗಿರೋದು ನಿನ್ನ ಕಾಲಾ ನನ್ನ ಕೌದಿಯಾ ಅಂದ್ಲಂತೆ. ಹೊಂಬಾಳಮ್ಮನಿಗೆ ನಾಚಿಕೆ ಆಗಿ ಅಲ್ಲೇ ಕುಸಿದು ಕೂತು, ಅಜ್ಜೀ ನನಗೆ ಏನೂ ಕಾಣಲ್ಲ, ಎಲ್ಲ ಒಂದೇ ಥರ ಇದೆ ಅಂತ ಅತ್ತುಬಿಟ್ಲಂತೆ.

ಬೆಳ್ಳಕ್ಕ ಸಮಾಧಾನ ಗಿಮಾಧಾನ ಮಾಡಲಿಲ್ಲ. ಕೌದಿಯ ಒಂದು ಮೂಲೆ ಹೊಲೀದೆ ಬಿಟ್ಟಿತ್ತು, ಅದರೊಳಗೆ ಒಂದು ಚಿಟಿಕೆ ರಾಗಿ, ನಾಲ್ಕು ಅಕ್ಕಿಕಾಳು ಹಾಕಿದ್ಲಂತೆ. ಇದ್ಯಾಕಜ್ಜಿ ಅಂದ್ರೆ, ಕೌದಿಗೂ ಹೊಟ್ಟೆ ಇರ್ತದೆ ಕಣವ್ವಾ, ಹಸಿದ ಕೌದಿ ಯಾರನ್ನ ಬೆಚ್ಚಗಿಟ್ಟೀತು, ತುಂಬಿಸೇ ಮೂಲೆ ಮುಚ್ಚಬೇಕು, ನಿನ್ನ ಕಣ್ಣೂ ಹಸಿದವೆ ಅಂದ್ಲಂತೆ. ಹೊಂಬಾಳಮ್ಮ, ಹನ್ನೆರಡು ವರ್ಷದಿಂದ ಅವಕ್ಕೆ ತೋರಿಸ್ತಾನೇ ಇದ್ದೀನಲ್ಲ ಅಂದ್ಲು. ಅದಕ್ಕೆ ಬೆಳ್ಳಕ್ಕ, ತೋರಿಸೋದು ದುಡಿಮೆ, ಊಟ ಅಲ್ಲ, ಕಣ್ಣಿಗೆ ಊಟ ಅಂದ್ರೆ ನಿದ್ದೆ, ಬಾ ಬಿದ್ಕೋ ಅಂತ ಎಳೆದು ತನ್ನ ತೊಡೆ ಮೇಲೆ ತಲೆ ಇಡಿಸಿ, ಮೂಲೆ ಹೊಲಿದು, ಆ ಕೌದೀನ ಹೊದಿಸಿದ್ಲಂತೆ. ಬುಟ್ಟಿ ಗೊಂಬೆ ಎಲ್ಲ ಒಂದು ಸುತ್ತು ತಿರುಗಿ ನಿಂತುಹೋದ್ವು, ಹೊಂಬಾಳಮ್ಮ ಮಾರನೇ ದಿನ ಬೆಳಕು ಹರಿಯೋ ತನಕ ಮಗ್ಗಲು ಬದಲಾಯಿಸದೆ ಮಲಗಿದ್ಲಂತೆ.

ಎದ್ದಾಗ ಮೂಗಿನ ಹತ್ರಾನೇ ಒಂದು ತೇಪೆ. ಮಗುವಿನ ಕುಲಾವಿಯಿಂದ ಕತ್ತರಿಸಿದ ಕೆಂಪು ಬಟ್ಟೆ, ಅದರ ಪಕ್ಕ ಯಾರದೋ ಮದುವೆ ಸೀರೆ ಸೆರಗು, ಎರಡರ ಮಧ್ಯೆ ಹೊಲಿಗೆ ಒಂಚೂರು ಸೊಟ್ಟ. ಅಷ್ಟನ್ನೇ ಎಷ್ಟೋ ಹೊತ್ತು ನೋಡಿದ್ಲಂತೆ, ಚೆನ್ನಾಗಿದೆ ಅನ್ನೋದೇ ಮರೆತುಹೋಯ್ತಂತೆ. ಆಮೇಲೆ ಇದನ್ನ ಅರಮನೆಗೆ ಕೊಡು ಅಂತ ಕೇಳಿದ್ರೆ, ಬೆಳ್ಳಕ್ಕ ಖಡಾಖಂಡಿತ ಕೊಡಲ್ಲ ಅಂದ್ಲು, ಇದು ನನ್ನ ಮೊಮ್ಮಗಳ ಬಾಣಂತನಕ್ಕೆ, ಉಗ್ರಾಣದಲ್ಲಿ ಇಲಿ ಮರಿ ಹಾಕೋಕಲ್ಲ ಅಂದ್ಲಂತೆ.

ಸರಿ, ಬರಿಗೈಲಿ ವಾಪಸ್ ಹೊರಟ್ಲು. ದಾರೀಲಿ ಮಾದಪ್ಪನ ಬಾಗಿಲು ಬಂತು, ಹೊಸ್ತಿಲಲ್ಲಿ ಮಾದಪ್ಪನೇ ನಿಂತಿದ್ದ, ಮೊಮ್ಮಗಳು ಅವನ ಪಂಚೆ ಹಿಡ್ಕೊಂಡಿದ್ಲು. ಹೊಂಬಾಳಮ್ಮ ತಲೆ ಎತ್ತಿ ಹೆಸರು ನೋಡ್ತಾಳೆ, ದ ಅಕ್ಷರಕ್ಕೆ ಮಾದಪ್ಪನದೇ ಹೊಟ್ಟೆ, ತಲೆಕಟ್ಟಿನ ಜಾಗದಲ್ಲಿ ಅವನದೇ ರುಮಾಲು, ಕೊನೇಲಿ ಪಕಾರದ ಒತ್ತು ಅವನ ಮೊಮ್ಮಗಳ ಥರ ಪಂಚೆ ಅಂಚು ಹಿಡ್ಕೊಂಡು ನಿಂತಿದೆ. ಹೊಂಬಾಳಮ್ಮ ಬೀದೀಲಿ ನಿಂತು ನಕ್ಕಿದ್ದಕ್ಕೆ ಪಕ್ಕದ ಮನೆ ಹೆಸರು ಬರೀತಿದ್ದ ಕಾಳಾಚಾರಿ ಏಣಿ ಬಿಟ್ಟು ಇಳಿದು ಬಂದನಂತೆ. ಆಮೇಲೆ ದ್ಯಾವಯ್ಯನ ಮನೆಗೆ ಹೋಗಿ, ಅಪ್ಪಾ, ಅದೇ ಬಟ್ಟಲಲ್ಲಿ ನೀರು ಕೊಡು ಅಂತ ಕೇಳಿ, ಈ ಸಲ ಪೂರ್ತಿ ಕುಡಿದ್ಲು. ತಳದಲ್ಲಿ ಮಣ್ಣಲ್ಲೇ ಮಾಡಿದ ಒಂದು ಪುಟಾಣಿ ಮೀನು ಕೂತಿತ್ತಂತೆ, ನೀರೆಲ್ಲ ನೀನೇ ಕುಡಿದ್ಯಾ ಅಂತ ಕೇಳೋ ಹಂಗೆ.

ಅರಮನೇಲಿ ರಾಣಿ, ಎಲ್ಲೇ ಸಾಮಾನು ಅಂದ್ಲಂತೆ. ಹೊಂಬಾಳಮ್ಮ ಖಾಲಿ ಜೋಳಿಗೆ ಕೊಡವಿ ಕೂತು, ಮೀನು, ರುಮಾಲು, ಕುಲಾವಿ ತೇಪೆ ಮೂರನ್ನೂ ಬಾಯಲ್ಲೇ ತೋರಿಸಿದ್ಲು. ಕೇಳ್ತಾ ಕೇಳ್ತಾ ರಾಣಿ ಚಪ್ಪಲಿ ಹುಡುಕೋಕೆ ಶುರು ಮಾಡಿದ್ಲಂತೆ, ನಡಿ ಈಗ್ಲೇ ಹೋಗೋಣ ಅಂತ. ಹೊಂಬಾಳಮ್ಮ ಕೈ ಹಿಡಿದು ಕೂರಿಸಿ, ಇವತ್ತು ಬೇಡ ತಾಯಿ, ನಿಮ್ಮ ಕಣ್ಣೂ ಹಸಿದವೆ, ಮೊದಲು ಮಲಗಿ ಅಂದ್ಲಂತೆ.

ಆವತ್ತಿಂದ ಸಾಮಾನು ಅರಮನೆಗೆ ಬರೋದು ನಿಂತು, ರಾಣಿಯೇ ಸಾಮಾನಿದ್ದ ಕಡೆ ಹೋಗೋಳಂತೆ, ದಿನಕ್ಕೆ ಒಂದೇ ಒಂದು ನೋಡೋಳಂತೆ. ಉಗ್ರಾಣದಲ್ಲಿ ಇದ್ದದ್ದೆಲ್ಲ ಜನರ ಮನೆ ಸೇರಿ, ಬುಟ್ಟೀಲಿ ಸೊಪ್ಪು ಬಂತು, ಗೊಂಬೆ ಮಕ್ಕಳ ಕೈಗೆ ಬಂತು. ಹೊಂಬಾಳಮ್ಮ ದಾರೀಲಿ ಎಲ್ಲಿ ನೆರಳು ಕಂಡ್ರೂ ಒಂದು ನಿದ್ದೆ ತೆಗೆದೇ ಮುಂದಕ್ಕೆ ಹೋಗೋಳಂತೆ.

ನಿನ್ನ ಕೌದಿಯ ಈ ಮೂಲೆ ಮುಟ್ಟು ನೋಡೋಣ, ಒಳಗೆ ಹರಳು ಹರಳಾಗಿ ಏನೋ ಸಿಗ್ತದಲ್ಲ. ಹೂಂ, ನಾನೇ ಇಟ್ಟಿದ್ದು, ನೀನು ಹುಟ್ಟೋ ಹಿಂದಿನ ವಾರ. ಕೌದೀದು ಊಟ ಆಗಿದೆ, ಇನ್ನು ನಿನ್ನ ಕಣ್ಣಿಂದು ಆಗಬೇಕು, ಆಮೇಲೆ ನನ್ನದು. ಮೂಲೆ ಹೊಲಿದಾಯ್ತು ಕೂಸೇ, ಕತೆ ಮುಗೀತು.